ಐವತ್ತು ಕೆಬಿಯ ಮುಖ

ಕುಂದಲಹಳ್ಳಿಯ ಆಚೆಗಿರುವ ನವಕ್ಷಿತಿಜ ಟೆಕ್ ಪಾರ್ಕಿನೊಳಗೆ ಐವತ್ತು ಕೆಬಿಗಿಂತ ದೊಡ್ಡ ಮುಖದವರಿಗೆ ಪ್ರವೇಶವಿಲ್ಲ. ಇದು ಯಾರ ಮೇಲಿನ ದ್ವೇಷದಿಂದಲೂ ಮಾಡಿದ ನಿಯಮವಲ್ಲ. ಪ್ರವೇಶಪತ್ರ ತಯಾರಿಸುವ ಯಂತ್ರಕ್ಕೆ ಅದಕ್ಕಿಂತ ದೊಡ್ಡ ಫೋಟೊ ನುಂಗುವ ಶಕ್ತಿಯಿಲ್ಲ, ಅಷ್ಟೇ. ಯಂತ್ರವನ್ನು ಬದಲಾಯಿಸುವ ಪ್ರಸ್ತಾಪ ಹಿಂದೊಮ್ಮೆ ಆಡಳಿತ ಮಂಡಳಿಯ ಮುಂದೆ ಬಂದಿತ್ತು. ಯಂತ್ರಕ್ಕೆ ಹೊಂದಿಕೊಳ್ಳುವ ಗುಣವಿಲ್ಲ, ಮನುಷ್ಯರಿಗಿದೆ, ಆದ್ದರಿಂದ ಮನುಷ್ಯರೇ ಹೊಂದಿಕೊಳ್ಳತಕ್ಕದ್ದು ಎಂದು ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿ, ಗೋಡಂಬಿ ತಿಂದು ಎದ್ದಿತು.

ಇದೇ ಪಾರ್ಕಿನ ಎತ್ತರದ ಕಟ್ಟಡವೊಂದರಲ್ಲಿ ಫೋಟೊಗಳನ್ನು ಹಿಗ್ಗಿಸುವ, ಕುಗ್ಗಿಸುವ ತಂತ್ರಾಂಶ ಬರೆದು ಹೊರದೇಶಗಳಿಗೆ ಮಾರುವ ಕಂಪನಿಯಿದೆ. ಅದಕ್ಕೂ ಪ್ರವೇಶಪತ್ರಕ್ಕೂ ಸಂಬಂಧವಿಲ್ಲ. ಪ್ರವೇಶಪತ್ರದ ವಿಭಾಗ ಗೇಟಿನ ಪಕ್ಕದ ಶೀಟಿನ ಕೋಣೆಯಲ್ಲಿದ್ದು, ಹೊರಾಂಗಣ ನಿರ್ವಹಣೆಯ ಅಡಿಯಲ್ಲಿ ಬರುತ್ತದೆ. ಹುಲ್ಲುಹಾಸು, ಚರಂಡಿ, ಬೀದಿನಾಯಿ ಮತ್ತು ಫೋಟೊ, ಈ ನಾಲ್ಕೂ ಆ ನಿರ್ವಹಣೆಯ ಜವಾಬ್ದಾರಿ.

ಈ ವಿಷಯಗಳಲ್ಲೊಂದೂ ತಿಳಿಯದೆ ಯಂಕಪ್ಪ ಎಂಬ ಟೈಲ್ಸ್ ಕೆಲಸದವನು ಒಂದು ಮುಂಜಾನೆ ಪಾಸು ಮಾಡಿಸಿಕೊಳ್ಳಲು ಬಂದ. ಲಿಂಗಸುಗೂರಿನ ಕಡೆಯವನು, ಕಾಡುಗೋಡಿಯಲ್ಲಿ ಬಾಡಿಗೆ ಕೋಣೆ. ಹೆಂಡತಿಯನ್ನು ಊರೆಲ್ಲ ಬಸಕ್ಕ ಎನ್ನುತ್ತಿದ್ದುದರಿಂದ ಅವನೂ ಬಸಕ್ಕ ಎಂದೇ ಕರೆಯುತ್ತಿದ್ದ. ಅದರಲ್ಲಿ ಅವನಿಗೇನೂ ತಪ್ಪು ಕಂಡಿರಲಿಲ್ಲ. ಬಸಕ್ಕ ಇದೇ ಪಾರ್ಕಿನ ನಾಲ್ಕನೇ ಮಹಡಿಯಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸದಲ್ಲಿದ್ದಳು. ಅವನ ಕೆಲಸ ಊರಿನ ಇನ್ನೊಂದು ತುದಿ ಪೀಣ್ಯದಲ್ಲಿ. ಬೆಂಗಳೂರಿಗೆ ಬಂದಾಗಿನಿಂದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಎಚ್ಚರದಲ್ಲಿ ನೋಡಿದ್ದೇ ಅಪರೂಪ. ಅವನು ಬಾಗಿಲು ತಟ್ಟುವ ಹೊತ್ತಿಗೆ ಅವಳಿಗೆ ಅರ್ಧ ನಿದ್ದೆ, ಅವಳು ಹೊರಡುವ ಹೊತ್ತಿಗೆ ಅವನಿಗೆ ಪೂರ್ತಿ ನಿದ್ದೆ.

ಹೀಗಿರುವಾಗ ಮೇಸ್ತ್ರಿ ಹಣಮಂತನಿಗೆ ನವಕ್ಷಿತಿಜದ ನಾಲ್ಕನೇ ಮಹಡಿಯ ಹೊಸ ಟೈಲ್ಸ್ ಕಿತ್ತು ಇನ್ನೂ ಹೊಸ ಟೈಲ್ಸ್ ಹಾಕುವ ಗುತ್ತಿಗೆ ಸಿಕ್ಕಿತು. "ಸೋಮವಾರದೊಳಗ ಪಾಸ್ ಮಾಡಿಸ್ಕೋ ಯಂಕಪ್ಪ," ಎಂದ ಹಣಮಂತ. "ಇಲ್ಲಾಂದ್ರ ನಿನ್ನ ಹೊಸೂರ ಕಡಿ ಸೈಟಿಗೆ ಹಾಕ್ತೀನಿ. ಅಲ್ಲೇ ಶೆಡ್ಡಿನಾಗ ಇರಬೇಕು, ಹೆಂಡ್ತಿ ಮಾರಿ ಹಬ್ಬಕ್ಕ ನೋಡಬೇಕು."

ಅಂದು ರಾತ್ರಿ ಬಸಕ್ಕನ ಅರ್ಧ ನಿದ್ದೆಯೂ ಹಾರಿಹೋಯಿತು. ಗಂಡ ಹೆಂಡತಿ ಒಂದೇ ಗೇಟಿನೊಳಗೆ, ಅದೂ ಒಂದೇ ಮಹಡಿಯಲ್ಲಿ ದುಡಿಯುವುದೆಂದರೆ ಅವರ ಪಾಲಿಗೆ ಅದು ಬೇಡಿಕೊಂಡರೂ ಸಿಗದ ವರ. "ಹೆಂಗರ ಮಾಡಿ ಪಾಸ್ ಮಾಡಿಸ್ಕೋರಿ," ಎಂದಳು. "ಸಂಸಾರ ಮಾಡಾಕ ಬಂದೀವಿ ಅನ್ನೂದ ಮರತಂಗಾಗೇತಿ."

ಪ್ರವೇಶ ವಿಭಾಗದ ಸಹಾಯಕ ವ್ಯವಸ್ಥಾಪಕ ಶಿವರಾಜ್ ಒಳ್ಳೆಯ ಮನುಷ್ಯ. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಮರ್ಯಾದೆ, ಯಾರನ್ನೂ ಗದರಿದವರಲ್ಲ. ಅಡ್ಡಗಾಲು ಹಾಕುವ ಅಧಿಕಾರಿಯಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು. ಮನಸಾರೆ ಸಹಾಯ ಮಾಡುವ ಅಧಿಕಾರಿಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕಾಡುಗೋಡಿಯ ಸ್ಟುಡಿಯೋದವರು ಯಂಕಪ್ಪನ ಫೋಟೊ ತೆಗೆದು, ಅವನು ಕೇಳದಿದ್ದರೂ ಒಂದು ಕಪ್ಪು ಕೋಟು ತೊಡಿಸಿ, ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿದ್ದರು. ವಾಟ್ಸಾಪಿನಲ್ಲಿ ಬಂದ ಫೋಟೊ ತಾನಾಗಿಯೇ ಚಿಕ್ಕದಾಗುತ್ತದೆ ಎಂಬ ಕಾರಣಕ್ಕೆ, ಅದರಲ್ಲೇನೋ ಮೋಸವಿರಬೇಕೆಂದು ಪಾರ್ಕಿನವರು ಅದನ್ನು ನಿಷೇಧಿಸಿದ್ದರು.

ಶಿವರಾಜ್ ಫೋಟೊ ನೋಡುವ ತಂತ್ರಾಂಶದಲ್ಲಿ ಯಂಕಪ್ಪನನ್ನು ತೆರೆದರು. ಮುಖ ಪರದೆಯ ತುಂಬ ಬಂತು. ಭೂತಗನ್ನಡಿಯ ಗುರುತಿನ ಪಕ್ಕದಲ್ಲಿದ್ದ ಮೈನಸ್ ಒತ್ತಿದರು. ಯಂಕಪ್ಪ ಚಿಕ್ಕವನಾದ. ಮತ್ತೆ ಒತ್ತಿದರು, ಇನ್ನೂ ಚಿಕ್ಕವನಾದ.

"ನೋಡಿ ಯಂಕಪ್ಪ ಅವ್ರೇ, ಎಷ್ಟ್ ಚಿಕ್ಕದ್ ಮಾಡ್ಬಿಟ್ಟೆ. ಸಾಸ್ವೆಕಾಳಷ್ಟಿದೀರ ಈಗ."

ಯಂಕಪ್ಪ ಕಿಟಕಿಯಿಂದ ಬಗ್ಗಿ ನೋಡಿದ. "ಹೌದ್ರಿ ಸರ. ಕೋಟ ಸೈತ ಕಾಣವಲ್ದು."

ಶಿವರಾಜ್ ಅದನ್ನು ಹಾಗೆಯೇ ಸೇವ್ ಮಾಡಿ ಯಂತ್ರಕ್ಕೆ ಹಾಕಿದರು. ಫೋಟೊ ದೊಡ್ಡದಾಗಿದೆ ಎಂದು ಕೆಂಪಕ್ಷರದಲ್ಲಿ ಬಂತು. ನಂಬಿಕೆಯಾಗದೆ ಫೋಟೊವನ್ನು ಮತ್ತೆ ತೆರೆದರೆ ಯಂಕಪ್ಪ ಮೊದಲಿನಂತೆ ಪರದೆಯ ತುಂಬ ಕೂತಿದ್ದ.

"ಏನ್ರೀ ಇದು, ಮತ್ತೆ ಬೆಳ್ದ್ಬಿಟ್ಟಿದೀರಲ್ಲ!" ಎಂದರು ಶಿವರಾಜ್, ನೊಂದ ದನಿಯಲ್ಲಿ.

"ತಪ್ಪಾತ್ರಿ ಸರ," ಎಂದ ಯಂಕಪ್ಪ.

ಆ ತಂತ್ರಾಂಶದ ಹೆಸರಿನಲ್ಲೇ ಅದು ಫೋಟೊ ನೋಡುವುದಕ್ಕೆ ಇರುವುದೆಂದು ಬರೆದಿತ್ತು. ನೋಡಲು ಚಿಕ್ಕದಾಗಿ ಕಂಡ ಮಾತ್ರಕ್ಕೆ ವಸ್ತು ಚಿಕ್ಕದಾಗುವುದಿಲ್ಲ ಎಂಬುದು ವೇದಾಂತಿಗಳಿಗೆ ಹಿಂದಿನಿಂದಲೂ ಗೊತ್ತಿರುವ ಸಂಗತಿ, ಆದರೆ ವೇದಾಂತಿಗಳು ಹೊರಾಂಗಣ ನಿರ್ವಹಣೆಯಲ್ಲಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಿವರಾಜ್ ಮೂಲೆಯ ಮೂರು ಚುಕ್ಕೆಗಳ ಹಿಂದೆ ಅಡಗಿದ್ದ 'ಗಾತ್ರ ಬದಲಿಸಿ' ಎಂಬ ಆಯ್ಕೆಯನ್ನು ಪತ್ತೆಮಾಡಿದರು. ಅಗಲ ಬದಲಿಸಿ ಎತ್ತರ ಬಿಟ್ಟಾಗ ಯಂಕಪ್ಪ ಈಚಲುಮರದ ಹಾಗೆ ಉದ್ದವಾದ. ಎತ್ತರ ಬದಲಿಸಿ ಅಗಲ ಬಿಟ್ಟಾಗ ರೊಟ್ಟಿಯ ಹಾಗೆ ಹರಡಿಕೊಂಡ. ಎರಡನ್ನೂ ಬದಲಿಸಿದಾಗ, ತಂತ್ರಾಂಶವು ಹಳೆಯ ಫೋಟೊವನ್ನು ಮುಟ್ಟದೆ ಪಕ್ಕದಲ್ಲಿ ಇನ್ನೊಬ್ಬ ಯಂಕಪ್ಪನನ್ನು ಇಟ್ಟಿತು. ಹೀಗೆ ಪ್ರತಿ ಪ್ರಯತ್ನಕ್ಕೂ ಒಬ್ಬೊಬ್ಬ ಹುಟ್ಟಿ, ಸಂಜೆಯ ಹೊತ್ತಿಗೆ ಕಂಪ್ಯೂಟರಿನಲ್ಲಿ ಒಂದು ಜಾತ್ರೆಗಾಗುವಷ್ಟು ಯಂಕಪ್ಪಂದಿರು ನೆರೆದರು. ಎಲ್ಲರಿಗೂ ಒಂದೇ ಕೋಟು.

"ಇಷ್ಟ್ ಜನದಲ್ಲಿ ಐವತ್ತು ಕೆಬಿ ಇರೋರು ಯಾರು ಅಂತ ಹೆಂಗ್ರೀ ಹುಡುಕ್ಲಿ?" ಎಂದು ಶಿವರಾಜ್ ಹಣೆ ಒರೆಸಿಕೊಂಡರು. ಕೈಗೆ ಸಿಕ್ಕ ಒಬ್ಬನನ್ನು ಹಾಕಿದಾಗ ದೊಡ್ಡದಾಗಿದೆ ಎಂದಿತು. ಇನ್ನೊಬ್ಬನನ್ನು ಹಾಕಿದಾಗ ಇದು ಮುಖವಲ್ಲ ಎಂದಿತು. ಯಂಕಪ್ಪನಿಗೆ ಆ ಮಾತು ಸ್ವಲ್ಪ ನಾಟಿತು, ಆದರೂ ಯಂತ್ರದ ಎದುರು ಮಾತಾಡುವುದು ಸರಿಯಲ್ಲವೆಂದು ಮೀಸೆ ನೇವರಿಸಿಕೊಂಡ.

ಮರುದಿನ ಶಿವರಾಜ್ ರಾತ್ರಿಯೆಲ್ಲ ಯೋಚಿಸಿ ಬಂದವರ ಹಾಗೆ ಕಂಡರು. ಫೋಟೊ ಭಾರವಾಗಿರುವುದಕ್ಕೆ ಫೋಟೊದೊಳಗಿನ ಸಾಮಾನುಗಳೇ ಕಾರಣವೆಂಬ ನಿರ್ಧಾರಕ್ಕೆ ಅವರು ಬಂದಿದ್ದರು. ಸಾಮಾನು ಇಳಿಸಿದರೆ ಗಾಡಿ ಹಗುರಾಗುತ್ತದೆ. ಆ ಪ್ರಕಾರ ಮೊದಲು ಕೋಟು ತೆಗೆಸಲಾಯಿತು. ಆಶ್ಚರ್ಯವೆಂದರೆ ಫೋಟೊ ನಿಜವಾಗಿಯೂ ಕೊಂಚ ಇಳಿಯಿತು. ಹಣೆಯ ಕುಂಕುಮ ಅಳಿಸಿದರು, ಇನ್ನೊಂಚೂರು ಇಳಿಯಿತು. ಶಿವರಾಜ್ ಹುರುಪುಗೊಂಡು ಯಂಕಪ್ಪನ ಮುಖವನ್ನು, ಮನೆ ಖಾಲಿ ಮಾಡಿಸುವವರ ಹಾಗೆ, ಇನ್ನೇನು ಉಳಿದಿದೆ ಎಂದು ನೋಡಿದರು. ಉಳಿದಿದ್ದು ಮೀಸೆ.

ಯಂಕಪ್ಪನ ಮೀಸೆ ಸಾಧಾರಣ ಮೀಸೆಯಲ್ಲ. ಅದಕ್ಕೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಬೀಳುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅವನ ಊರಿನಲ್ಲಿ ಗಂಡಸು ಮೀಸೆ ತೆಗೆಸುವುದು ಹೆತ್ತವರು ಸತ್ತಾಗ ಮಾತ್ರ. "ಸರ, ನಮ್ಮಪ್ಪ ಇನ್ನೂ ಅದಾನ್ರಿ," ಎಂದು ಯಂಕಪ್ಪ ಕೈ ಮುಗಿದ.

"ಇರ್ಲಿ ಇರ್ಲಿ, ನೂರ್ ವರ್ಷ ಇರ್ಲಿ. ನಾನೇನ್ ಬೇಡ ಅಂದ್ನಾ? ಮೀಸೆ ಮತ್ತೆ ಬರತ್ತೆ ಕಣ್ರೀ, ಸೋಮವಾರ ಬರತ್ತಾ?"

ಯಂಕಪ್ಪನ ಕಣ್ಣೆದುರು ಸೋಮವಾರ ಬಂತು, ಅದರ ಹಿಂದೆ ಹೊಸೂರಿನ ಶೆಡ್ಡು ಬಂತು. ಗೇಟಿನೆದುರಿನ ಕಟಿಂಗ್ ಅಂಗಡಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ಸ್ಟುಡಿಯೋದಲ್ಲಿ ಮತ್ತೆ ತೆಗೆಸಿದ ಫೋಟೊ ಮೀಸೆಯ ಲೆಕ್ಕದಲ್ಲಿ ಎಷ್ಟೋ ಇಳಿಯಿತು, ಆದರೆ ಐವತ್ತಕ್ಕೆ ಇಳಿಯಲಿಲ್ಲ.

ಅಂದು ಕೋಣೆಗೆ ಹೋದಾಗ ಬಸಕ್ಕ ಬಾಗಿಲು ತೆರೆದವಳೇ ಅವನ ಮುಖ ನೋಡಿ ಎದೆಗೆ ಕೈಯಿಟ್ಟುಕೊಂಡು, "ಅಯ್ಯೋ ಮಾವ ಹ್ವಾದ್ನೇನ್ರೀ!" ಎಂದು ಕಿರುಚಿದಳು. ಪಕ್ಕದ ಕೋಣೆಗಳಲ್ಲಿದ್ದವರೆಲ್ಲ ಲಿಂಗಸುಗೂರು, ಮಾನ್ವಿ, ಸಿಂಧನೂರಿನ ಕಡೆಯವರೇ. ಅವರು ಓಡಿ ಬಂದು, ಬೋಳು ತುಟಿಯನ್ನು ಕಂಡು, ಇನ್ನೇನು ಕೇಳುವುದೆಂದು ಊರಿಗೆ ಫೋನು ಹಚ್ಚಿದರು. ಯಂಕಪ್ಪ ಕೆಬಿಯ ವಿಷಯ ವಿವರಿಸುವಷ್ಟರಲ್ಲಿ ಸುದ್ದಿ ಊರು ಮುಟ್ಟಿ ಆಗಿತ್ತು. ಊರಿನಲ್ಲಿ ಜನ ಅವರ ಮನೆಯ ಮುಂದೆ ನೆರೆದರು. ಭಜನೆಯವರು ತಾಳ ಹಿಡಿದುಕೊಂಡು ಬಂದರು. ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಮುದುಕನಿಗೆ ತಾನು ಸತ್ತಿರುವುದು ಗೊತ್ತಾಗಿದ್ದು ಆಗಲೇ. ಬಂದವರಲ್ಲಿ ಒಬ್ಬ ಅವನನ್ನೇ, "ಹೆಣ ಯಾವಾಗ ಎತ್ತತಾರಂತ ಕಾಕಾ?" ಎಂದು ಕೇಳಿದ.

ಅಪ್ಪನ ಫೋನು ಬಂತು. "ಲೇ ಯಂಕ್ಯಾ, ನಾ ಇನ್ನೂ ಗಟ್ಟಿ ಅದೀನಿ, ನೀ ಹೆಂಗಲೇ ಮೀಸಿ ತೆಗಿಸಿದಿ?"

"ಯಪ್ಪಾ, ಫೋಟೊ ಸಣ್ಣದ ಮಾಡಬೇಕಾಗಿತ್ತು."

"ಫೋಟೊ ಸಣ್ಣದ ಬೇಕಂದ್ರ ಕತ್ರಿ ತಗೊಂಡು ಫೋಟೊ ಕತ್ತರಿಸಲೇ, ನನ್ನ ಯಾಕ ಸಾಯಸ್ತಿ?" ಎಂದು ಅಪ್ಪ ಫೋನಿಟ್ಟ. ಭಜನೆಯವರು ಬರಿಗೈಲಿ ಹೋಗಬಾರದೆಂದು ಎರಡು ಪದ ಹಾಡಿ, ಚಹಾ ಕುಡಿದು ಹೋದರಂತೆ. ಯಂಕಪ್ಪನಿಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ಆಯಿತು. ಬಸಕ್ಕ ಮಾತ್ರ ಅವನ ಮುಖವನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಇಷ್ಟು ವರ್ಷಗಳಲ್ಲಿ ಗಂಡ ಇಷ್ಟು ಹೊತ್ತು ಎಚ್ಚರದಲ್ಲಿ ಎದುರಿಗಿದ್ದುದು ಇದೇ ಮೊದಲಾದ್ದರಿಂದ, ಮೀಸೆ ಇಲ್ಲದಿದ್ದರೂ ಅವಳಿಗೆ ಒಂದು ಬಗೆಯ ಸಮಾಧಾನವಿತ್ತು.

ಮನುಷ್ಯಪ್ರಯತ್ನ ಮುಗಿದ ಮೇಲೆ ಐಟಿ ಸಹಾಯವಾಣಿಗೆ ಹೋಗುವುದು ಕ್ರಮ. ಶಿವರಾಜ್ ದೂರು ದಾಖಲಿಸಿದರು. ಸಹಾಯವಾಣಿಯ ಐಶ್ವರ್ಯಾ ಎಂಬ ಹುಡುಗಿ ಕೂಡಲೇ ಫೋನ್ ಮಾಡಿದಳು. "ಸರ್, ಪ್ರಾಬ್ಲಮ್ ಏನು ಅಂತ ಒಂದು ಸ್ಕ್ರೀನ್ ಫೋಟೊ ಹಾಕಿ ಸರ್, ಎರಡು ನಿಮಿಷದ ಕೆಲಸ."

ಶಿವರಾಜ್ ಪರದೆಯ ಫೋಟೊ ತೆಗೆದು ದೂರಿಗೆ ಲಗತ್ತಿಸಿದರು. ಲಗತ್ತು ದೊಡ್ಡದಾಗಿದೆ ಎಂದು ಬಂತು.

"ಮೇಡಂ, ಫೋಟೊ ದೊಡ್ಡದಾಗಿದೆ ಅನ್ನೋದೇ ನನ್ ಪ್ರಾಬ್ಲಮ್ಮು. ಅದರ ಫೋಟೊನೂ ದೊಡ್ಡದಾಗಿದೆ ಅಂತಿದೆ."

"ಹೌದಾ ಸರ್? ಹಾಗಿದ್ರೆ ಅದಕ್ಕೆ ಬೇರೆ ಟಿಕೆಟ್ ಹಾಕ್ಬೇಕು ಸರ್. ಅದಕ್ಕೂ ಒಂದು ಫೋಟೊ ಬೇಕು." ಅವಳು, ತಾನೇ ಕೆಳಗಿಳಿದು ಬಂದು ಮಾಡಿಕೊಡಬಹುದಿತ್ತು, ಆದರೆ ಲಗತ್ತಿಲ್ಲದ ದೂರಿಗೆ ಕುರ್ಚಿಯಿಂದ ಏಳುವಂತಿಲ್ಲ ಎಂದು ನಿಜವಾದ ವಿಷಾದದಿಂದ ಹೇಳಿದಳು. ಲಗತ್ತಿಲ್ಲದ್ದರಿಂದ ದೂರು ಸಮಾಧಾನಕರವಾಗಿ ಮುಕ್ತಾಯವಾಯಿತು. ಸೇವೆ ಹೇಗಿತ್ತೆಂದು ನಕ್ಷತ್ರ ಕೊಡಲು ಕಂಪ್ಯೂಟರು ಕೇಳಿತು. ಶಿವರಾಜ್ ಒಳ್ಳೆಯ ಮನುಷ್ಯರಾದ್ದರಿಂದ ಐದೂ ಕೊಟ್ಟರು.

ಯಂಕಪ್ಪ ಇದನ್ನೆಲ್ಲ ಕಿಟಕಿಯ ಹೊರಗೆ ನಿಂತು ಕೇಳಿದ. ನಾಳೆ ಭಾನುವಾರ, ನಾಡಿದ್ದು ಸೋಮವಾರ. ಹೊಸೂರಿಗೆ ಒಯ್ಯುವ ಚೀಲದಲ್ಲಿ ಏನೇನು ತುಂಬಬೇಕೆಂದು ಯೋಚಿಸುತ್ತ, "ಬರ್ತೀನ್ರಿ ಸರ," ಎಂದು ಹೇಳಿ ರಸ್ತೆ ದಾಟಿದ. ಮೆಟ್ರೊ ಕಂಬಗಳ ಸಾಲಿನ ಪಕ್ಕದಲ್ಲಿ ತಲೆ ತಗ್ಗಿಸಿ ನಡೆದುಹೋಗುತ್ತಿದ್ದ.

ಶಿವರಾಜ್ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಕಣ್ಣು ಅರಳಿತು. ಎದ್ದು ನಿಂತು ಕಿಟಕಿಯ ಸರಳು ಹಿಡಿದುಕೊಂಡು ಕೂಗಿದರು: "ಯಂಕಪ್ಪಾ! ಆಗ್ತಾ ಇದೀರ! ಚಿಕ್ಕೋರಾಗ್ತಾ ಇದೀರ ಕಣ್ರೀ! ಅಲ್ಲೇ ನಿಂತ್ಕೊಳ್ಳಿ!"

ದೊಡ್ಡ ದೊಡ್ಡ ಶೋಧಗಳೆಲ್ಲ ಹೀಗೆಯೇ ಆಗಿರುವುದು. ಫೋಟೊ ತೆಗೆದ ಮೇಲೆ ಮನುಷ್ಯನನ್ನು ಚಿಕ್ಕದು ಮಾಡಲು ಇಷ್ಟು ದಿನ ಒದ್ದಾಡಿದ್ದರು; ಮನುಷ್ಯ ಚಿಕ್ಕವನಾದ ಮೇಲೆ ಫೋಟೊ ತೆಗೆದರೆ ಸಾಕೆಂದು ಯಾರಿಗೂ ಹೊಳೆದಿರಲಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದ ಒಂದು ಹಳೆಯ ಕ್ಯಾಮೆರಾ ಕೋಣೆಯಲ್ಲಿತ್ತು. ಅದರ ವಯರು ಗಿಡ್ಡವಾದ್ದರಿಂದ ಕ್ಯಾಮೆರಾ ಮನುಷ್ಯನಿಂದ ದೂರ ಹೋಗುವಂತಿರಲಿಲ್ಲ, ಮನುಷ್ಯನೇ ಹೋಗಬೇಕಿತ್ತು. ಶಿವರಾಜ್ ಅದನ್ನು ಕಿಟಕಿಯ ಕಡೆ ತಿರುಗಿಸಿದರು. ಯಂಕಪ್ಪ ಮೊದಲನೆಯ ಕಂಬಕ್ಕೆ ನಿಂತಾಗ ಫೋಟೊ ಇನ್ನೂ ದೊಡ್ಡದಿತ್ತು. ಹಿಂದೆ ಹಿಂದೆ ಎಂದು ಶಿವರಾಜ್ ಕೈ ಬೀಸಿದರು. ಎರಡನೆಯ ಕಂಬ. ಮೂರನೆಯ ಕಂಬ. ಯಂಕಪ್ಪ ಕತ್ತು ನೆಟ್ಟಗೆ ಮಾಡಿ, ಮೀಸೆಯಿಲ್ಲದ ತುಟಿ ಬಿಗಿದು, ಕಣ್ಣು ಮಿಟುಕಿಸದೆ ನಿಂತ. ಅಷ್ಟರಲ್ಲಿ ಅಗೆದಿಟ್ಟ ರಸ್ತೆಯ ಮೇಲೆ ನೀರಿನ ಟ್ಯಾಂಕರೊಂದು ಹಾದು, ಧೂಳು ಎದ್ದು ಎಲ್ಲವನ್ನೂ ಮುಚ್ಚಿತು. ಶಿವರಾಜ್ ಅದೇ ಕ್ಷಣಕ್ಕೆ ಒತ್ತಿಬಿಟ್ಟಿದ್ದರು.

ಫೋಟೊದಲ್ಲಿ ಮಣ್ಣಿನ ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ನಲವತ್ತೆಂಟು ಕೆಬಿ. ಗಾತ್ರ ಸರಿಯಿದ್ದ ಸಂತೋಷದಲ್ಲಿ ಯಂತ್ರ ಮುಖ ಹುಡುಕುವುದನ್ನು ಮರೆತು, ಹಸಿರು ದೀಪ ತೋರಿಸಿ ಪಾಸನ್ನು ಉಗುಳಿತು.

"ಸರ, ಇದ್ರಾಗ ನಾ ಎಲ್ಲಿ ಅದೀನ್ರಿ?" ಎಂದು ಯಂಕಪ್ಪ ಪಾಸನ್ನು ಅತ್ತಿತ್ತ ತಿರುಗಿಸಿ ನೋಡಿದ.

"ಧೂಳ್ ಹಿಂದೆ ಇದೀರ ಕಣ್ರೀ. ನಾನೇ ಕಣ್ಣಾರೆ ನೋಡಿಲ್ವಾ ನೀವು ನಿಂತಿದ್ದನ್ನ?" ಎಂದರು ಶಿವರಾಜ್. ಅವರ ಕಣ್ಣಲ್ಲಿ ನೀರಿತ್ತು. ಯಂಕಪ್ಪನೂ ಅತ್ತ. ಆ ರಾತ್ರಿ ಬಸಕ್ಕ ಪಾಸನ್ನು ದೇವರ ಫೋಟೊದ ಮುಂದಿಟ್ಟು ಊದಿನಕಡ್ಡಿ ಹಚ್ಚಿದಳು. ಧೂಳನ್ನು ದಿಟ್ಟಿಸಿ ನೋಡಿ, "ಚಂದ ಬಂದೀರಿ," ಎಂದಳು.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಒಟ್ಟಿಗೆ ಬಸ್ಸಿಳಿದು ಒಟ್ಟಿಗೆ ಗೇಟಿಗೆ ಬಂದರು. ಬಸಕ್ಕ ತನ್ನ ಹಳೆಯ ಪಾಸು ತೋರಿಸಿ ಒಳಗೆ ಹೋದಳು. ಯಂಕಪ್ಪನ ಪಾಸನ್ನು ಸೆಕ್ಯುರಿಟಿ ಅಮರೇಶ್ ಬಹಳ ಹೊತ್ತು ನೋಡಿದ. ಅಮರೇಶ್ ಮಸ್ಕಿಯವನು, ಯಂಕಪ್ಪನ ಸೀಮೆಯವನೇ. ಆದರೆ ಕರ್ತವ್ಯವೆಂದರೆ ಕರ್ತವ್ಯ.

"ಅಣ್ಣಾ, ನಿನ್ನ ಮಾರಿಗೂ ಇದಕ್ಕೂ ತಾಳೆ ಆಗವಲ್ದು. ಇದ್ರಾಗ ನೀ ಇಲ್ಲ. ಇಲ್ಲಿ ನೋಡಿದ್ರ ಅದಿ."

"ಅಲ್ಲಿ ದೂರ ನಿಂತಿದ್ನೋ ತಮ್ಮಾ, ಅದಕ್ಕ ಹಂಗ ಕಾಣ್ತೀನಿ."

"ಹಂಗಾದ್ರ ಈಗ್ಯಾಕ ಹತ್ರ ಬಂದಿ?"

ಇದು ನ್ಯಾಯವಾದ ಪ್ರಶ್ನೆಯೆಂದು ಹಿಂದೆ ಸಾಲಿನಲ್ಲಿದ್ದವರೂ ಒಪ್ಪಿದರು. ಗೇಟಿನ ಒಳಬದಿಯಲ್ಲಿ ಬಸಕ್ಕ, ಹೊರಬದಿಯಲ್ಲಿ ಯಂಕಪ್ಪ, ನಡುವೆ ಕೆಂಪು ಬಿಳಿ ಪಟ್ಟೆಯ ಅಡ್ಡಕೋಲು. ಬಸಕ್ಕ ಸೆರಗಿನ ತುದಿ ಬಾಯಿಗೆ ಹಿಡಿದಳು. ಮೇಸ್ತ್ರಿ ಹಣಮಂತ ಒಳಗಿನಿಂದ ಗಡಿಯಾರ ನೋಡುತ್ತ ಬಂದ. ಅವನಿಗೆ ಬೇಕಾಗಿದ್ದುದು ಯಂತ್ರದಲ್ಲಿ ಹಾಜರಿ, ಹಾಜರಿಯಿಲ್ಲದೆ ಬಿಲ್ಲಾಗದು. "ಯಂಕಪ್ಪ, ಹೊಸೂರಿಗೆ ಗಾಡಿ ಹೊಂಟೈತಿ, ಹತ್ತು ಮತ್ತ," ಎಂದ.

ಶಿವರಾಜ್ ಓಡಿಬಂದರು. ಅಲ್ಲೇ ನಿಂತು ಒಂದು ಸುತ್ತೋಲೆ ಹೊರಡಿಸಿದರು. ಅದರ ಒಕ್ಕಣೆ ಹೀಗಿತ್ತು: "ಪಾಸುದಾರರ ಮುಖವನ್ನು, ಅವರ ಫೋಟೊವನ್ನು ಎಷ್ಟು ದೂರದಿಂದ ತೆಗೆಯಲಾಗಿದೆಯೋ ಅಷ್ಟೇ ದೂರದಿಂದ ತಾಳೆ ನೋಡತಕ್ಕದ್ದು. ಹತ್ತಿರದಿಂದ ನೋಡುವುದು ಪಾಸುದಾರರ ಖಾಸಗಿತನಕ್ಕೆ ಧಕ್ಕೆಯೆಂದು ಪರಿಗಣಿಸಲಾಗುವುದು."

ಯಂಕಪ್ಪ ಓಡಿಹೋಗಿ ಮೂರನೆಯ ಕಂಬದ ಹತ್ತಿರ ನಿಂತ. ಅಮರೇಶ್ ಒಂದು ಕಣ್ಣು ಮುಚ್ಚಿ, ಪಾಸನ್ನು ಕೈಯಳತೆಯಲ್ಲಿ ಹಿಡಿದು ನೋಡಿದ. ಟ್ಯಾಂಕರೊಂದು ಹಾದು ಧೂಳೆದ್ದಾಗ, "ಕರೆಕ್ಟ್!" ಎಂದು ಕೂಗಿ ಗುಂಡಿ ಒತ್ತಿದ. ಯಂತ್ರದಲ್ಲಿ ಯಂಕಪ್ಪ ಒಳಗೆ ಬಂದ ಎಂದು ದಾಖಲಾಯಿತು. ಅಡ್ಡಕೋಲು ಎದ್ದಿತು. ಯಂಕಪ್ಪ ಖುಷಿಯಿಂದ ಗೇಟಿನ ಕಡೆ ಓಡಿಬಂದ. ಬರುಬರುತ್ತ ದೊಡ್ಡವನಾದ. ಅಮರೇಶ್ ಮತ್ತೆ ಪಾಸು ನೋಡಿ, ಮತ್ತೆ ಮುಖ ನೋಡಿ, ಕೋಲು ಇಳಿಸಿದ.

ಇದೇ ಇನ್ನೂ ಎಷ್ಟೋ ಸಲ ನಡೆಯಿತು. ಓಡಿ ಓಡಿ ಯಂಕಪ್ಪನ ಉಸಿರು ಕಟ್ಟಿತು. ಕೊನೆಗೆ ಶಿವರಾಜ್ ಕಂಬದವರೆಗೂ ನಡೆದುಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಯಾಕ್ರೀ ಸುಮ್ನೆ ಓಡ್ತೀರ? ಸಿಸ್ಟಮ್ ಪ್ರಕಾರ ನೀವು ಒಳಗಿದೀರ. ಒಳಗಿರೋರು ಮತ್ತೆ ಗೇಟ್ ಹತ್ರ ಬಂದ್ರೆ ಹೊರಗೆ ಹೋಗ್ತಿದಾರೆ ಅಂತ ಆಗತ್ತೆ. ಹಾಜರಿ ಕಟ್ಟಾಗತ್ತೆ."

ಯಂಕಪ್ಪ ಹಣಮಂತನ ಮುಖ ನೋಡಿದ. ಹಣಮಂತ ಯಂತ್ರದ ಹಾಜರಿ ನೋಡಿದ. "ಬಂದಾನಲ್ಲ," ಎಂದ, ನೆಮ್ಮದಿಯಿಂದ. "ಟೈಲ್ಸ್ ಏನು, ಈಗಿರಾವೂ ಹೊಸಾವ ಅದಾವು. ಹಾಕಿದಂಗ ಬರಕೊಂಡ್ರ ಆತು. ನೀ ಅಲ್ಲೇ ಇರು, ಒಳಗ."

ಹೀಗೆ ಯಂಕಪ್ಪ ನವಕ್ಷಿತಿಜ ಟೆಕ್ ಪಾರ್ಕಿನೊಳಗೆ ಕೆಲಸ ಮಾಡತೊಡಗಿದ. ಬೆಳಿಗ್ಗೆ ಮೂರನೆಯ ಕಂಬಕ್ಕೆ ಬಂದು, ಧೂಳೇಳುವವರೆಗೆ ಕಾದು, ಒಳಗೆ ಹೋದನೆಂದಾದ ಮೇಲೆ ಕಂಬಕ್ಕೊರಗಿ ಕೂರುತ್ತಿದ್ದ. ನಾಲ್ಕನೇ ಮಹಡಿಯ ಕಾಮಗಾರಿ ಅವಧಿಗೆ ಮುನ್ನವೇ ಮುಗಿಯಿತೆಂದು ಗುಣಮಟ್ಟ ವಿಭಾಗ ಮೆಚ್ಚುಗೆ ಸೂಚಿಸಿತು. ಸದ್ದಿಲ್ಲ, ಸಿಮೆಂಟಿನ ರಾಡಿಯಿಲ್ಲ, ಇಂಥ ಟೈಲ್ಸ್ ಕೆಲಸ ಹಿಂದೆಂದೂ ಕಂಡಿಲ್ಲ ಎಂದಿತು. ಮೆಚ್ಚಿ ಐದನೇ ಮಹಡಿಯನ್ನೂ ಕೊಟ್ಟಿತು. ಯಂಕಪ್ಪನ ಕೈಗಳು ಮಾತ್ರ ಸುಮ್ಮನಿರಲು ಒಲ್ಲದೆ, ಕಂಬದ ಬುಡದ ಒಡೆದ ಫುಟ್‌ಪಾತ್ ಕಲ್ಲುಗಳನ್ನು ತೆಗೆದು ನೀಟಾಗಿ ಕೂಡಿಸಿದವು. ಅನಧಿಕೃತ ಕೆಲಸವೆಂದು ನಗರಪಾಲಿಕೆಯವರು ಬಂದು ಅವನ್ನು ಮತ್ತೆ ಕಿತ್ತು ಹೋದರು.

ಅವನ ಸಂಕಟವಿದ್ದದ್ದು ಬೇರೆ ಕಡೆ. ಬಸಕ್ಕ ದಿನವೂ ನಾಲ್ಕನೇ ಮಹಡಿಯ ಗಾಜಿನ ಹಿಂದೆ ಒರೆಸುವ ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ಇಬ್ಬರೂ ಒಂದೇ ಗೇಟಿನೊಳಗಿದ್ದರು, ಅದು ದಾಖಲೆಯಲ್ಲೇ ಇತ್ತು, ಆದರೂ ಅವನಿಗೆ ಅವಳು ಸಾಸಿವೆಕಾಳಿನಷ್ಟೇ ಕಾಣುತ್ತಿದ್ದಳು. "ಪೀಣ್ಯಾದಾಗಿದ್ದಾಗ ಕಾಣ್ತಿರಲಿಲ್ಲ, ಅದಕ್ಕ ಹೊಟ್ಟಿ ಉರೀತಿರಲಿಲ್ಲ," ಎಂದು ಒಂದು ಸಂಜೆ ಬಸ್ಸಿನಲ್ಲಿ ಹೇಳಿದ. ಬಸಕ್ಕ ಅವನ ಕೈ ಹಿಡಿದುಕೊಂಡಳು.

ದೇವರು ದೊಡ್ಡವನು, ತಿಂಗಳ ಕೊನೆಗೆ ಬಸಕ್ಕನ ಪಾಸಿನ ಅವಧಿ ಮುಗಿಯಿತು. ಶಿವರಾಜ್ ಈಗ ಫೋಟೊ ತೆಗೆಯುವುದರಲ್ಲಿ ಪಳಗಿದ್ದರು. ಬಸಕ್ಕ ಮೂರನೆಯ ಕಂಬಕ್ಕೆ ಹೋಗಿ ನಿಂತಳು, ಟ್ಯಾಂಕರು ಬಂತು, ಒಂದೇ ಏಟಿಗೆ ನಲವತ್ತಾರು ಕೆಬಿ. "ನಿಮ್ಗಿಂತ ಎರಡು ಕಮ್ಮಿ ಬಂದಿದಾರೆ ನಿಮ್ ಮನೆಯೋರು!" ಎಂದು ಶಿವರಾಜ್ ಕಿಟಕಿಯಿಂದಲೇ ಕೂಗಿ ಅಭಿನಂದಿಸಿದರು. ಅಂದಿನಿಂದ ಗಂಡ ಹೆಂಡತಿ ಒಂದೇ ಕಂಬದ ಕೆಳಗೆ ಕೂತು ಒಳಗೆ ದುಡಿಯತೊಡಗಿದರು.

ಪಾಸುಗಳಿಗೆ ಅವಧಿ ಎಲ್ಲರಿಗೂ ಇರುತ್ತದೆ. ಕಸ ಗುಡಿಸುವವರು ಬಂದರು, ತೋಟದವರು ಬಂದರು, ಆಮೇಲೆ ಎಂಜಿನಿಯರುಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಮನೆಯಿಂದ ಕೆಲಸ ಮಾಡಲು ಅನುಮತಿ ಕೇಳಿ ಸುಸ್ತಾಗಿದ್ದ ಅವರಿಗೆ ಕಂಬದಿಂದ ಕೆಲಸ ಮಾಡುವುದು ಪರವಾಗಿಲ್ಲ ಎನ್ನಿಸಿತು. ಫೋಟೊ ಕುಗ್ಗಿಸುವ ತಂತ್ರಾಂಶದ ಕಂಪನಿಯವರು ಎರಡನೆಯ ಮತ್ತು ನಾಲ್ಕನೆಯ ಕಂಬವನ್ನು ಪೂರ್ತಿ ಹಿಡಿದರು. ಐಶ್ವರ್ಯಾ ಛತ್ರಿ ಬಿಡಿಸಿಕೊಂಡು ಕೂತು ದೂರುಗಳನ್ನು ಮುಕ್ತಾಯಗೊಳಿಸುತ್ತಿದ್ದಳು. ಚುರುಮುರಿಯವನು, ಎಳನೀರಿನವನು ನೆಲೆಯೂರಿದರು. ರಸ್ತೆಗೆ ಡಾಂಬರು ಹಾಕಲು ಬಂದವರನ್ನು ಪಾರ್ಕಿನ ಆಡಳಿತ ಮಂಡಳಿಯೇ ಕೈಮುಗಿದು ವಾಪಸು ಕಳಿಸಿತು. ಧೂಳು ಹೋದರೆ ಒಬ್ಬರಾದರೂ ಒಳಗೆ ಬರುವುದು ಹೇಗೆ? ವಾರ್ಷಿಕ ವರದಿಯಲ್ಲಿ ಹಾಜರಿ ಹೆಚ್ಚಿದೆ, ವಿದ್ಯುತ್ ಖರ್ಚು ಇಳಿದಿದೆ, ನೆಲ ಗುಡಿಸುವ ಮುನ್ನವೇ ಶುಚಿಯಾಗಿರುತ್ತದೆ ಎಂದು ಬರೆಯಲಾಯಿತು. ಮಂಡಳಿಯವರ ಪಾಸುಗಳೂ ಆ ವೇಳೆಗೆ ನವೀಕರಣಕ್ಕೆ ಬಂದಿದ್ದರಿಂದ ವರದಿಯನ್ನು ಆರನೆಯ ಕಂಬದಲ್ಲಿ ಮಂಡಿಸಿ, ಗೋಡಂಬಿ ಹಂಚಿದರು.

ಕೊನೆಗೆ ಉಳಿದವರು ಶಿವರಾಜ್ ಮತ್ತು ಅಮರೇಶ್. ಶಿವರಾಜ್ ತಮ್ಮ ಪಾಸಿನ ಅವಧಿ ಮುಗಿದ ದಿನ, ಕ್ಯಾಮೆರಾವನ್ನು ತಾನಾಗಿ ಒತ್ತಿಕೊಳ್ಳುವಂತೆ ಇಟ್ಟು, ಕಂಬದವರೆಗೂ ಓಡಿ, ವಿಭೂತಿ ಸರಿಮಾಡಿಕೊಂಡು ನಿಂತರು. ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟಿದರು. ಅಮರೇಶನದೂ ಮುಗಿಯಿತು. ತಾನು ಅಡ್ಡಕೋಲು ಎತ್ತಿಟ್ಟು ಬಂದಿರುವುದಾಗಿ, ತನ್ನನ್ನು ತಾಳೆ ನೋಡಲು ಅಲ್ಲಿ ಯಾರೂ ಇಲ್ಲವಾದ್ದರಿಂದ ತನ್ನನ್ನು ತಾನೇ ಗುರುತಿಸಿಕೊಂಡಿರುವುದಾಗಿ ಅವನು ಶಿವರಾಜರಿಗೆ ವರದಿ ಒಪ್ಪಿಸಿದ.

ಅಂದು ಮಧ್ಯಾಹ್ನ ನವಕ್ಷಿತಿಜದ ಗೇಟು ಹಾರುಹೊಡೆದಿತ್ತು. ತಡೆಯುವವರು ಇರಲಿಲ್ಲ, ಕೇಳುವವರು ಇರಲಿಲ್ಲ. ಒಂದು ಹಸು ಮಾತ್ರ ನಿಧಾನವಾಗಿ ಒಳಗೆ ಹೋಗಿ ಹುಲ್ಲುಹಾಸಿನ ಮೇಲೆ ಮಲಗಿತು. ಅದರ ಫೋಟೊ ಇರಲಿಲ್ಲವಾದ್ದರಿಂದ ಆಕ್ಷೇಪಣೆ ಬರಲಿಲ್ಲ.

ಬಸಕ್ಕ ಆ ಕಡೆಯೇ ನೋಡುತ್ತಿದ್ದಳು. ಒಳಗೆ ತಣ್ಣಗಿನ ಗಾಳಿ, ತಾನೇ ಒರೆಸುತ್ತಿದ್ದ ಹೊಳೆಯುವ ನೆಲ, ಗಂಡನೊಂದಿಗೆ ಒಮ್ಮೆಯೂ ನಡೆಯದ ನಾಲ್ಕನೇ ಮಹಡಿ. ಮೊಣಕೈಯಿಂದ ಯಂಕಪ್ಪನನ್ನು ತಿವಿದು, "ಏನ್ರೀ, ಗೇಟ ತೆರದೈತಿ. ಯಾರೂ ಇಲ್ಲ. ಹೋಗೂಣೇನ್ರಿ ಒಳಗ, ಇಬ್ರೂ ಕೂಡೇ?" ಎಂದಳು.

ಯಂಕಪ್ಪ ಗೇಟನ್ನು ನೋಡಿದ, ಕೊರಳಲ್ಲಿದ್ದ ಪಾಸನ್ನು ನೋಡಿದ, ಆಮೇಲೆ ಅವಳನ್ನು ನೋಡಿ ಮೆಲ್ಲಗೆ ನಕ್ಕ.

"ಹುಚ್ಚಿ," ಎಂದ. "ಒಳಗ ಇದ್ದಾರು ಒಳಗ ಹೆಂಗ ಹೋಗೂದು?"

ಅದೂ ಖರೆ ಅನ್ನಿಸಿ ಬಸಕ್ಕ ಸ್ವಲ್ಪ ಸರಿದು ಅವನಿಗೆ ಕಂಬದ ನೆರಳು ಬಿಟ್ಟುಕೊಟ್ಟಳು.